ಜೈಲು ಸೇರಿದ ಮೇಲೂ ಮಾತ್ರೆ ತಪ್ಪಬಾರದು: ಬಂಧಿತರ ಮಾನಸಿಕ ಚಿಕಿತ್ಸೆಗೆ ದಾವಣಗೆರೆ–ಚಿತ್ರದುರ್ಗದ ಕುಟುಂಬಗಳಿಗೆ ಹಂತ ಹಂತದ ಮಾರ್ಗದರ್ಶಿ

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರೊಬ್ಬರು ಯಾವುದೋ ಪ್ರಕರಣದಲ್ಲಿ ಬಂಧಿತರಾದಾಗ ಮನೆಯವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ವಕೀಲರನ್ನು ಹುಡುಕುತ್ತಾರೆ, ಜಾಮೀನಿಗೆ ಪಹಣಿ ಹೊಂದಿಸುತ್ತಾರೆ, ‘ಇವನಿಗೆ ತಲೆ ಸರಿಯಿಲ್ಲ ಸ್ವಾಮಿ, ಬಿಟ್ಟುಬಿಡಿ’ ಎಂದು ಠಾಣೆಯಲ್ಲೂ ಕೋರ್ಟಿನ ಆವರಣದಲ್ಲೂ ಕೈಮುಗಿಯುತ್ತಾರೆ. ಆದರೆ ಆತ ನಿನ್ನೆ ರಾತ್ರಿ ನುಂಗಬೇಕಿದ್ದ ಮಾತ್ರೆ ಏನಾಯಿತು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಹತ್ತು ಹದಿನೈದು ದಿನಗಳ ನಂತರ ಜೈಲಿನ ಭೇಟಿಯಲ್ಲಿ ಆತ ಗುರುತು ಹಿಡಿಯದೆ ಕುಳಿತಾಗ ಎಲ್ಲರೂ ಗಾಬರಿಯಾಗುತ್ತಾರೆ. ಆ ಸ್ಥಿತಿ ಬಾರದಂತೆ ನೋಡಿಕೊಳ್ಳಲು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಂತ 1: ಮೂರು ಬೇಡಿಕೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ

‘ಹುಚ್ಚು ಇದ್ದರೆ ಕೇಸು ಬಿದ್ದುಹೋಗುತ್ತದೆ’ ಎಂಬ ತಿಳಿವಳಿಕೆಯೇ ಅರ್ಧ ತೊಂದರೆಗಳ ಮೂಲ. ಕಾನೂನು ಮೂರು ಪ್ರತ್ಯೇಕ ಪ್ರಶ್ನೆಗಳನ್ನು ಕೇಳುತ್ತದೆ.

ಮೊದಲನೆಯದು, ಇವರಿಗೆ ಈಗ ಚಿಕಿತ್ಸೆ ಬೇಕೆ? ಇದಕ್ಕೆ ತಪ್ಪಿತಸ್ಥರೋ ನಿರಪರಾಧಿಯೋ ಎಂಬುದು ಸಂಬಂಧಿಸದು. ಬಂಧನದಲ್ಲಿರುವ ಯಾರಿಗೇ ಆಗಲಿ ಚಿಕಿತ್ಸೆ ಹಕ್ಕು. ಎರಡನೆಯದು, ಇವರು ಈಗ ಕೋರ್ಟಿನ ವಿಚಾರಣೆಯನ್ನು ಅರ್ಥ ಮಾಡಿಕೊಂಡು ತಮ್ಮ ಪರ ವಾದ ಹೇಳಿಕೊಳ್ಳಲು ಸಮರ್ಥರೆ? ಇದು ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೆಯ ಕಲಮುಗಳ ವಿಷಯ. ಮೂರನೆಯದು, ಕೃತ್ಯ ನಡೆದ ಆ ಹೊತ್ತಿನಲ್ಲಿ, ಮಾಡುತ್ತಿರುವುದು ಏನು ಅಥವಾ ಅದು ತಪ್ಪು ಎಂಬುದನ್ನೇ ಅರಿಯಲಾರದ ಸ್ಥಿತಿಯಲ್ಲಿ ಇವರಿದ್ದರೆ? ಇದು ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು. 2024ರ ಜುಲೈ 1ಕ್ಕಿಂತ ಹಿಂದಿನ ಕೃತ್ಯವಾದರೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 84ನೆಯ ಕಲಮು.

ಒಬ್ಬರಿಗೆ ಮೊದಲನೆಯದು ಮಾತ್ರ ಅನ್ವಯಿಸಬಹುದು, ಉಳಿದೆರಡು ಅನ್ವಯಿಸದಿರಬಹುದು. ವಾಸ್ತವದಲ್ಲಿ ಹೆಚ್ಚಿನ ಪ್ರಕರಣಗಳು ಹೀಗೆಯೇ ಇರುತ್ತವೆ. ಮೂರನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ, ಚಿಕಿತ್ಸೆಯ ಬೇಡಿಕೆಯೂ ತಪ್ಪಿಸಿಕೊಳ್ಳುವ ತಂತ್ರದಂತೆ ಕಾಣಿಸಿ ಮೂಲೆ ಸೇರುತ್ತದೆ. ಆದ್ದರಿಂದ ಚಿಕಿತ್ಸೆಯ ಅರ್ಜಿಯಲ್ಲಿ ಪ್ರಕರಣದ ಸತ್ಯಾಸತ್ಯತೆಯ ಮಾತೇ ಬರಬಾರದು.

ಹಂತ 2: ಕಡತವನ್ನು ಆ ದಿನವೇ ಸಿದ್ಧಪಡಿಸಿ

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಹಳೆಯ ಓಪಿಡಿ ಚೀಟಿಗಳು, ಡಿಸ್ಚಾರ್ಜ್ ಸಮ್ಮರಿ, ಔಷಧಿ ಅಂಗಡಿಯ ಬಿಲ್ಲುಗಳು, ಖಾಲಿಯಾದ ಮಾತ್ರೆ ಪಟ್ಟಿಗಳು, ಅಂಗವಿಕಲತೆಯ ಗುರುತಿನ ಚೀಟಿ ಇದ್ದರೆ ಅದು, ಮತ್ತು ಆಧಾರ್ ಪ್ರತಿ. ಇವೆಲ್ಲದರ ಐದು ಸೆಟ್ ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಗಳನ್ನು ಯಾರ ಕೈಗೂ ಕೊಡಬೇಡಿ. ಮೂಲ ಚೀಟಿಯನ್ನು ಠಾಣೆಯಲ್ಲಿ ಕೊಟ್ಟು ಬಂದವರು ಅದನ್ನು ಮತ್ತೆ ನೋಡುವುದು ಅಪರೂಪ.

ಚೀಟಿ ಕಳೆದುಹೋಗಿದ್ದರೆ, ಚಿಕಿತ್ಸೆ ನೀಡಿದ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಡಿ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 25ನೆಯ ಕಲಮು ರೋಗಿಗೆ ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ಕೊಟ್ಟಿದೆ. ರೋಗಿ ಜೈಲಿನಲ್ಲಿದ್ದರೆ ಅವರ ಸಹಿ ಇರುವ ಒಪ್ಪಿಗೆ ಪತ್ರವನ್ನು ವಕೀಲರ ಮೂಲಕ ತರಿಸಿಕೊಳ್ಳಬೇಕು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ ತೋರಿಸಿದ್ದರೆ ಹಳೆಯ ನೋಂದಣಿ ಸಂಖ್ಯೆ ಸಿಕ್ಕರೆ ಸಾಕು, ಕೆಲಸ ಸುಲಭವಾಗುತ್ತದೆ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಶಿಬಿರದಲ್ಲಿ ತೋರಿಸಿದವರು ಆ ಶಿಬಿರದ ರೋಗಿ ಪುಸ್ತಕವನ್ನು ಹುಡುಕಬೇಕು.

ಕಡತದ ಮೇಲ್ಭಾಗದಲ್ಲಿ ಒಂದೇ ಪುಟದ ಟಿಪ್ಪಣಿ ಇರಲಿ. ಕಾಯಿಲೆಯ ಹೆಸರು, ಪ್ರಾರಂಭವಾದ ವರ್ಷ, ಈಗಿನ ಮಾತ್ರೆಗಳು, ಪ್ರಮಾಣ, ಯಾವ ಹೊತ್ತು, ಕೊನೆಯ ಬಾರಿ ನುಂಗಿದ್ದು ಯಾವಾಗ, ಈ ಹಿಂದೆ ಮಾತ್ರೆ ಬಿಟ್ಟಾಗ ಏನಾಗಿತ್ತು, ಎಂದಾದರೂ ಆತ್ಮಹತ್ಯೆಗೆ ಪ್ರಯತ್ನಿಸಿದ್ದಾರೆಯೆ, ಮೂರ್ಛೆ ರೋಗ ಇದೆಯೆ, ದಿನವೂ ಕುಡಿಯುವ ಅಭ್ಯಾಸ ಇದೆಯೆ, ಇದ್ದರೆ ಕೊನೆಯ ಬಾರಿ ಕುಡಿದದ್ದು ಎಷ್ಟು ಗಂಟೆಗೆ. ಕುಡಿತದ ವಿಷಯವನ್ನು ಮರ್ಯಾದೆಗೆ ಅಂಜಿ ಮುಚ್ಚಿಡುವವರೇ ಹೆಚ್ಚು. ಅದು ಎಷ್ಟು ಅಪಾಯಕಾರಿ ಎಂಬುದು ಮುಂದಿನ ಹಂತದಲ್ಲಿ ತಿಳಿಯುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ವಿಷಯವಿದೆ. ಎಷ್ಟೋ ಮನೆಗಳಲ್ಲಿ ಕಾಯಿಲೆಯ ಮೊದಲ ವರ್ಷಗಳ ದಾಖಲೆ ಯಾವ ಆಸ್ಪತ್ರೆಯಲ್ಲೂ ಇರುವುದಿಲ್ಲ, ಏಕೆಂದರೆ ಆಗ ಅವರನ್ನು ದೆವ್ವ ಬಿಡಿಸುತ್ತದೆಂದು ಜನ ನಂಬುವ ಕ್ಷೇತ್ರವಾದ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗಿರುತ್ತಾರೆ. ಇದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ಯಾವ ವರ್ಷ, ಯಾವ ಅಮಾವಾಸ್ಯೆ, ಯಾರು ಜೊತೆಗಿದ್ದರು, ಆಗ ರೋಗಿ ಹೇಗೆ ನಡೆದುಕೊಳ್ಳುತ್ತಿದ್ದರು ಎಂಬುದನ್ನು ಬರೆದಿಡಿ. ಕಾಯಿಲೆ ಪ್ರಕರಣಕ್ಕಿಂತ ಮೊದಲೇ ಇತ್ತು ಎಂಬುದನ್ನು ಹೇಳಬಲ್ಲ ಸಾಕ್ಷಿಗಳು ಅಲ್ಲಿ ಜೊತೆಗೆ ಬಂದ ನೆಂಟರೇ ಆಗಿರಬಹುದು. ಇದಕ್ಕೆ ವಿರುದ್ಧವಾಗಿ, ಬಂಧನವಾದ ಮೇಲೆ ಯಾರೋ ಹೇಳಿದರೆಂದು ಹಳೆಯ ದಿನಾಂಕ ಹಾಕಿಸಿ ತರುವ ಸರ್ಟಿಫಿಕೇಟು ನಿಜವಾದ ಚೀಟಿಗಳ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ ಮತ್ತು ಅದೇ ಇನ್ನೊಂದು ಅಪರಾಧವಾಗುತ್ತದೆ.

ಹಂತ 3: ಠಾಣೆಯಲ್ಲಿ ಮೊದಲ 24 ಗಂಟೆ

ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅದಕ್ಕೂ ಮೊದಲು ಸುರಕ್ಷಾ ಸಂಹಿತೆಯ 53ನೆಯ ಕಲಮಿನಂತೆ ವೈದ್ಯರಿಂದ ತಪಾಸಣೆ ಮಾಡಿಸಬೇಕು. ಆ ವರದಿಯ ಪ್ರತಿ ಬಂಧಿತರಿಗೆ ಅಥವಾ ಅವರು ಸೂಚಿಸಿದವರಿಗೆ ಸಿಗಬೇಕು. ಟಿಪ್ಪಣಿಯ ಒಂದು ಪ್ರತಿಯನ್ನು ತನಿಖಾಧಿಕಾರಿಗೆ, ಇನ್ನೊಂದನ್ನು ತಪಾಸಣೆ ಮಾಡುವ ವೈದ್ಯರಿಗೆ ತಲುಪಿಸಿ. ‘ಗಾಯಗಳಿಲ್ಲ’ ಎಂಬ ಒಂದು ಸಾಲಿನಲ್ಲಿ ಆ ತಪಾಸಣೆ ಮುಗಿಯುವುದುಂಟು. ನೀವು ಬರೆದುಕೊಟ್ಟರೆ ಮಾತ್ರ ಮಾನಸಿಕ ಕಾಯಿಲೆಯ ಉಲ್ಲೇಖ ಅಲ್ಲಿ ಸೇರುತ್ತದೆ.

ಮಾನಸಿಕ ಕಾಯಿಲೆ ಇರುವವರನ್ನು ಲಾಕಪ್ಪಿನಲ್ಲಿ ಇಡಲೇಬಾರದು ಎಂದು ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 100ನೆಯ ಕಲಮನ್ನು ಮುಂದಿಟ್ಟು ಜಗಳ ತೆಗೆಯುವವರಿದ್ದಾರೆ. ಆ ರಕ್ಷಣೆ ಇರುವುದು ದಿಕ್ಕಿಲ್ಲದೆ ಅಲೆಯುವಾಗ ಅಥವಾ ತಮಗೋ ಇತರರಿಗೋ ಅಪಾಯವಾಗುವಂತಿದ್ದಾಗ ಪೊಲೀಸರು ರಕ್ಷಣೆಗೆ ತೆಗೆದುಕೊಂಡವರಿಗೆ. ಅಪರಾಧದ ಆರೋಪದಲ್ಲಿ ಬಂಧಿತರಾದವರ ಪರವಾಗಿ ಅದನ್ನು ಎತ್ತಿದರೆ ವ್ಯರ್ಥ ಕಾಲಹರಣ. ಆದರೆ ಬಂಧನಕ್ಕೆ ಕಾರಣ ಆತ್ಮಹತ್ಯೆಯ ಪ್ರಯತ್ನವೇ ಆಗಿದ್ದರೆ ಅದೇ ಕಾಯಿದೆಯ 115ನೆಯ ಕಲಮನ್ನು ಕೂಡಲೇ ಎತ್ತಿ: ಬೇರೆ ರೀತಿ ಸಾಬೀತಾಗದ ಹೊರತು ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಆ ಕಾರಣಕ್ಕೆ ಶಿಕ್ಷಿಸುವಂತಿಲ್ಲ.

ಈ ಹಂತದಲ್ಲಿ ನಿಜವಾಗಿ ಜೀವ ತೆಗೆಯುವುದು ಮದ್ಯದ ಹಿಂತೆಗೆತ. ಪ್ರತಿದಿನ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದಾಗ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಕಾಣಿಸುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ದಿಕ್ಕು ತಪ್ಪಿದ ಮಾತು, ಗೋಡೆಯ ಮೇಲೆ ಹುಳು ಹರಿದಂತೆ ಕಾಣುವುದು, ಜ್ವರ, ಕೂಗಾಟ ಶುರುವಾಗಬಹುದು. ಲಾಕಪ್ಪಿನಲ್ಲೋ ಜೈಲಿನ ಮೊದಲ ರಾತ್ರಿಯಲ್ಲೋ ಇದು ನಾಟಕವೆಂದು ಕಾಣುತ್ತದೆ, ಊರಿನಲ್ಲಾದರೆ ದೆವ್ವವೆಂದು. ಇದು ಆಸ್ಪತ್ರೆಯಲ್ಲೇ ನಿಭಾಯಿಸಬೇಕಾದ ತುರ್ತುಸ್ಥಿತಿ. ಕೊನೆಯ ಬಾರಿ ಕುಡಿದದ್ದು ಎಷ್ಟು ಗಂಟೆಗೆ ಎಂಬುದನ್ನು ಟಿಪ್ಪಣಿಯಲ್ಲಿ ಬರೆಯಲು ಹೇಳಿದ್ದು ಇದಕ್ಕಾಗಿ.

ಹಂತ 4: ಮ್ಯಾಜಿಸ್ಟ್ರೇಟರ ಮುಂದೆ, ಮೊದಲ ಹಾಜರಾತಿಯಲ್ಲೇ

ನ್ಯಾಯಾಂಗ ಬಂಧನಕ್ಕೆ ಒಪ್ಪಿಸುವ ಆದೇಶದಲ್ಲೇ ‘ಆರೋಪಿಗೆ ಮಾನಸಿಕ ಚಿಕಿತ್ಸೆ ಮುಂದುವರಿಸುವಂತೆ ಕಾರಾಗೃಹ ಅಧೀಕ್ಷಕರಿಗೆ ನಿರ್ದೇಶನ’ ಎಂಬ ಒಂದು ಸಾಲು ಬಂದರೆ ಮುಂದಿನ ಅರ್ಧ ಅಲೆದಾಟ ತಪ್ಪುತ್ತದೆ. ಅದಕ್ಕೆ ವಕೀಲರು ಒಂದು ಪುಟದ ಮೆಮೊ ಮತ್ತು ಚೀಟಿಗಳ ಪ್ರತಿ ಸಲ್ಲಿಸಿದರೆ ಸಾಕು. ಜಾಮೀನು ಅರ್ಜಿಯ ಹದಿನೇಳನೆಯ ಪ್ಯಾರಾದಲ್ಲಿ ಇದನ್ನು ಹುದುಗಿಸಬೇಡಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಕಾಯುವುದು ತಪ್ಪು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಜಗಳೂರು, ಹೊನ್ನಾಳಿ, ಚಳ್ಳಕೆರೆ, ಹೊಸದುರ್ಗದ ಕಡೆಯವರು ತಾಲ್ಲೂಕು ನ್ಯಾಯಾಲಯದಲ್ಲಿರುವ ಸಮಿತಿಯನ್ನು ಕೇಳಬಹುದು. ಫೋನಿನಲ್ಲಾದರೆ 15100.

ಮುಂದಿನ ಹಾಜರಾತಿಗಳು ವಿಡಿಯೊ ಮೂಲಕ ನಡೆಯುವ ಸಾಧ್ಯತೆ ಇದೆ. ಪರದೆಯ ಮೇಲೆ ಅರ್ಧ ನಿಮಿಷ ಕಾಣುವ ಮುಖದಿಂದ ನ್ಯಾಯಾಧೀಶರಿಗೆ ಏನೂ ತಿಳಿಯುವುದಿಲ್ಲ. ಸ್ಥಿತಿ ಕೆಟ್ಟಿದೆ ಎನಿಸಿದರೆ ಖುದ್ದು ಹಾಜರುಪಡಿಸಬೇಕೆಂದು ವಕೀಲರಿಂದ ಕೋರಿಕೆ ಹಾಕಿಸಿ.

ಹಂತ 5: ಜೈಲಿನ ಕಚೇರಿಯಲ್ಲಿ ಲಿಖಿತ ಅರ್ಜಿ

ಗೇಟಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬರುವುದು ಹೇಳದಿರುವುದಕ್ಕೆ ಸಮ. ಅಧೀಕ್ಷಕರ ಹೆಸರಿಗೆ ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅದನ್ನೇ ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಅರ್ಜಿಯ ಒಕ್ಕಣೆ ಇಷ್ಟಿದ್ದರೆ ಸಾಕು:

‘ತಮ್ಮ ಕಾರಾಗೃಹದಲ್ಲಿ ನ್ಯಾಯಾಂಗ ಬಂಧನದಲ್ಲಿರುವ ನನ್ನ ತಮ್ಮನು ಆರು ವರ್ಷಗಳಿಂದ ಸ್ಕಿಜೋಫ್ರೇನಿಯಾ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದು, ಲಗತ್ತಿಸಿದ ಚೀಟಿಯಂತೆ ಪ್ರತಿ ರಾತ್ರಿ ಒಲಾಂಜಪಿನ್ 10 ಮಿ.ಗ್ರಾಂ. ಮಾತ್ರೆ ಸೇವಿಸಬೇಕಾಗಿರುತ್ತದೆ. ಬಂಧನದ ದಿನದಿಂದ ಮಾತ್ರೆ ತಪ್ಪಿರುತ್ತದೆ. ಆದ್ದರಿಂದ ಕಾರಾಗೃಹದ ವೈದ್ಯಾಧಿಕಾರಿಗಳಿಂದ ಇಂದೇ ತಪಾಸಣೆ ಮಾಡಿಸಿ, ಚಿಕಿತ್ಸೆ ಮುಂದುವರಿಸಿ, ಮನೋವೈದ್ಯರಿಗೆ ತೋರಿಸಬೇಕೆಂದು ಕೋರುತ್ತೇನೆ.’

ಮನೆಯಲ್ಲಿ ಉಳಿದ ಮಾತ್ರೆಗಳನ್ನು ಚಪಾತಿಯ ನಡುವೆ, ಬಟ್ಟೆಯ ಅಂಚಿನಲ್ಲಿ ಕಳುಹಿಸುವ ಪ್ರಯತ್ನ ಬೇಡವೇ ಬೇಡ. ಸಿಕ್ಕಿಬಿದ್ದರೆ ಹೊಸ ಪ್ರಕರಣ, ಸಿಕ್ಕಿಬೀಳದಿದ್ದರೆ ಒಮ್ಮೆಗೇ ನುಂಗುವ ಅಪಾಯ. ಚೀಟಿ ಸಹಿತ ಕಚೇರಿಗೆ ಒಪ್ಪಿಸಿ, ವೈದ್ಯಾಧಿಕಾರಿ ಒಪ್ಪಿದರೆ ಅವರೇ ಕೊಡಿಸುತ್ತಾರೆ.

ಕೆಲವು ಔಷಧಿಗಳ ಬಗ್ಗೆ ವಿಶೇಷವಾಗಿ ಬರೆಯಬೇಕು. ಕ್ಲೋಜಪಿನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಹಳೆಯ ಪ್ರಮಾಣದಲ್ಲೇ ಮತ್ತೆ ಶುರುಮಾಡುವಂತಿಲ್ಲ. ಕಡಿಮೆ ಪ್ರಮಾಣದಿಂದ ಏರಿಸುತ್ತಾ ಹೋಗಬೇಕು, ರಕ್ತ ಪರೀಕ್ಷೆಯೂ ನಡೆಯುತ್ತಿರಬೇಕು. ಲಿಥಿಯಂ ತೆಗೆದುಕೊಳ್ಳುವವರು ನೀರು ಕಡಿಮೆ ಕುಡಿದರೂ, ಮೈಕೈ ನೋವಿಗೆ ಐಬುಪ್ರೊಫೆನ್‌ನಂಥ ಮಾತ್ರೆ ನುಂಗಿದರೂ ರಕ್ತದಲ್ಲಿ ಲಿಥಿಯಂ ಏರುತ್ತದೆ. ಒರಟು ನಡುಕ, ವಾಂತಿ, ತೂರಾಡುವ ನಡಿಗೆ ಅದರ ಸೂಚನೆ. ಮೂರ್ಛೆ ರೋಗಕ್ಕೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದವರಿಗೆ ಒಮ್ಮೆಲೇ ನಿಂತರೆ ಫಿಟ್ಸ್ ಮರುಕಳಿಸುತ್ತದೆ. ಮಾತ್ರೆ ಪದೇ ಪದೇ ತಪ್ಪುತ್ತಿದ್ದರೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಹೊಂದುತ್ತದೆಯೇ ಎಂದು ಮನೋವೈದ್ಯರನ್ನು ಕೇಳಬಹುದು. ಜೈಲಿನ ದಿನಚರಿಗೆ ಅದು ಹೆಚ್ಚು ಅನುಕೂಲ ಎಂಬುದು ನನ್ನ ಅಭಿಪ್ರಾಯ, ಆದರೆ ತೀರ್ಮಾನ ವೈದ್ಯರದು.

ಹಂತ 6: ಭೇಟಿಯಲ್ಲಿ ಏನನ್ನು ನೋಡಬೇಕು

ಭೇಟಿಯ ಸಮಯ ಕಡಿಮೆ, ಗದ್ದಲ ಹೆಚ್ಚು. ದೂರದವರು ಜೈಲು ಭೇಟಿಯ ಆನ್‌ಲೈನ್ ವ್ಯವಸ್ಥೆಯಾದ ಇ-ಮುಲಾಕಾತ್ ಮೂಲಕ ನೋಂದಾಯಿಸಿ ವಿಡಿಯೊದಲ್ಲಿ ನೋಡಬಹುದು. ಕೇಸಿನ ಮಾತನ್ನು ವಕೀಲರಿಗೆ ಬಿಟ್ಟು, ನೀವು ಕೇಳಬೇಕಾದದ್ದು: ರಾತ್ರಿ ನಿದ್ದೆ ಬರುತ್ತಿದೆಯೆ, ಮಾತ್ರೆ ಯಾರು ಕೊಡುತ್ತಾರೆ, ಯಾವ ಬಣ್ಣದ ಮಾತ್ರೆ, ಕೊನೆಗೆ ಕೊಟ್ಟಿದ್ದು ಯಾವಾಗ. ‘ಮಾತ್ರೆ ತಗೊಂಡೆಯಾ’ ಎಂದು ಕೇಳಿದರೆ ‘ಹ್ಞೂಂ’ ಎಂಬ ಉತ್ತರ ಬರುತ್ತದೆ. ಬಣ್ಣ ಕೇಳಿದಾಗ ನಿಜ ಗೊತ್ತಾಗುತ್ತದೆ.

ಕುತ್ತಿಗೆ ಒಂದು ಕಡೆ ತಿರುಚಿಕೊಂಡಿದ್ದರೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿದ್ದರೆ, ಅದು ಹಾಲೊಪೆರಿಡಾಲ್‌ನಂಥ ಔಷಧಿಯ ಅಡ್ಡಪರಿಣಾಮ ಆಗಿರಬಹುದು. ಒಂದು ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಇದನ್ನೂ ನಾಟಕವೆಂದು ತಳ್ಳಿಹಾಕುವವರಿದ್ದಾರೆ. ಔಷಧಿ ಶುರುವಾದ ಮೇಲೆ ತೀವ್ರ ಜ್ವರದ ಜೊತೆ ಮೈ ಕಟ್ಟಿಗೆಯಂತೆ ಬಿಗಿದುಕೊಂಡರೆ ಒಂದು ಗಂಟೆಯೂ ಕಾಯುವಂತಿಲ್ಲ.

ಆತ್ಮಹತ್ಯೆಯ ಅಪಾಯ ಹೆಚ್ಚಿರುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬಹುದು: ಜೈಲು ಸೇರಿದ ಮೊದಲ ದಿನಗಳು, ಜಾಮೀನು ತಿರಸ್ಕೃತವಾದ ದಿನ, ತೀರ್ಪಿನ ದಿನ, ಮನೆಯಿಂದ ಕೆಟ್ಟ ಸುದ್ದಿ ಹೋದ ದಿನ. ಹೆಂಡತಿ ತವರಿಗೆ ಹೋದಳು, ತಂದೆ ತೀರಿಕೊಂಡರು ಎಂಬ ಸುದ್ದಿಯನ್ನು ಭೇಟಿಯಲ್ಲಿ ಹೇಳಿ ಎದ್ದುಬರುವ ಮೊದಲು ಕಚೇರಿಗೂ ತಿಳಿಸಿ, ಒಬ್ಬರೇ ಇರಿಸದಂತೆ ಕೇಳಿಕೊಳ್ಳಿ. ‘ಇನ್ನು ನನಗಾಗಿ ಯಾರೂ ಬರಬೇಡಿ’ ಎಂಬ ಮಾತು, ಇದ್ದಕ್ಕಿದ್ದಂತೆ ಶಾಂತವಾಗಿಬಿಡುವುದು, ಊಟ ಬಿಡುವುದು, ತನ್ನ ವಸ್ತುಗಳನ್ನು ಬೇರೆಯವರಿಗೆ ಕೊಡುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಲಿಖಿತವಾಗಿ ತಿಳಿಸಬೇಕು. ಮನೆಯವರಿಗೇ ತಡೆಯಲಾಗದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಹಂತ 7: ಹೊರಗಿನ ಆಸ್ಪತ್ರೆಗೆ ಕಳುಹಿಸಬೇಕಾದಾಗ

ಜೈಲಿನ ವೈದ್ಯಾಧಿಕಾರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಬರೆದುಕೊಟ್ಟ ಮೇಲೂ ಕೆಲಸ ನಿಲ್ಲುವುದು ಹೆಚ್ಚಾಗಿ ಎಸ್ಕಾರ್ಟ್ ಪೊಲೀಸರಿಲ್ಲ ಎಂಬ ಕಾರಣಕ್ಕೆ. ಎರಡು ಬಾರಿ ದಿನಾಂಕ ತಪ್ಪಿದರೆ ಆ ಎರಡೂ ದಿನಾಂಕಗಳನ್ನು ನಮೂದಿಸಿ ವಿಚಾರಣಾ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿ.

ಒಳರೋಗಿಯಾಗಿ ದಾಖಲಾಗುವ ಅಗತ್ಯವಿದ್ದರೆ ಪಾಲನಾ ಕಾಯಿದೆಯ 103ನೆಯ ಕಲಮು ಅನ್ವಯಿಸುತ್ತದೆ. ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮನೋವೈದ್ಯಕೀಯ ವಾರ್ಡ್ ಇಲ್ಲದಿದ್ದರೆ, ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಪೂರ್ವಾನುಮತಿ ಪಡೆದು ಹೊರಗಿನ ಮಾನಸಿಕ ಆರೋಗ್ಯ ಸಂಸ್ಥೆಗೆ ವರ್ಗಾಯಿಸಬಹುದು. ಅದೇ ಕಲಮಿನಂತೆ ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ, ಮಾನಸಿಕ ಕಾಯಿಲೆ ಇರುವ ಕೈದಿಗಳು ಇಲ್ಲಿಲ್ಲ ಎಂದು ಮಂಡಳಿಗೆ ಪ್ರಮಾಣೀಕರಿಸಬೇಕು. ನಿಮ್ಮ ಕೈಯಲ್ಲಿ ಮೊಹರು ಬಿದ್ದ ಅರ್ಜಿ ಇರುವಾಗ ಹಾಗೆಂದು ಬರೆಯುವುದು ಅವರಿಗೆ ಸುಲಭವಲ್ಲ. ಐದನೆಯ ಹಂತದ ಮೊಹರಿಗೆ ಅಷ್ಟು ಒತ್ತು ಕೊಟ್ಟಿದ್ದು ಈ ಕಾರಣಕ್ಕೂ ಹೌದು.

ಹಂತ 8: ವಿಚಾರಣೆಯ ಸಾಮರ್ಥ್ಯ ಮತ್ತು ಜಾಮೀನು

ಚಿಕಿತ್ಸೆ ಶುರುವಾದ ಮೇಲಷ್ಟೇ ಈ ಹಂತ. ಆರೋಪಿಗೆ ತನ್ನ ಮೇಲಿನ ಆರೋಪವೇನು, ತನ್ನ ವಕೀಲರು ಯಾರು ಎಂಬುದೂ ತಿಳಿಯದ ಸ್ಥಿತಿಯಿದ್ದರೆ, ವಕೀಲರು ಸುರಕ್ಷಾ ಸಂಹಿತೆಯ 367 ಅಥವಾ 368ರ ಅಡಿ ಅರ್ಜಿ ಸಲ್ಲಿಸುತ್ತಾರೆ. ನ್ಯಾಯಾಲಯ ವೈದ್ಯರಿಂದ ಪರೀಕ್ಷೆ ಮಾಡಿಸಿ, ವಾದಿಸಿಕೊಳ್ಳಲು ಅಸಮರ್ಥರೆಂದು ಕಂಡರೆ, ಪ್ರಕರಣಕ್ಕೆ ಮೇಲ್ನೋಟದ ಆಧಾರವಿದೆಯೇ ಎಂದು ನೋಡುತ್ತದೆ. ಆಧಾರವಿಲ್ಲದಿದ್ದರೆ ಬಿಡುಗಡೆ, ಇದ್ದರೆ ಚಿಕಿತ್ಸೆಗೆ ಬೇಕಾದಷ್ಟು ಕಾಲ ಮುಂದೂಡಿಕೆ. ಮುಂದೂಡಿಕೆ ಎಂದರೆ ಖುಲಾಸೆಯಲ್ಲ, ಗುಣವಾದ ಮೇಲೆ ವಿಚಾರಣೆ ಮುಂದುವರಿಯುತ್ತದೆ. ಇದನ್ನು ತಿಳಿಯದೆ ಅರ್ಜಿ ಹಾಕಿದ ಮನೆಗಳಲ್ಲಿ ಕೇಸು ವರ್ಷಗಟ್ಟಲೆ ನಿಂತು, ಸಣ್ಣ ಅಪರಾಧಕ್ಕೆ ಬೀಳಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ಒಳಗೆ ಕಳೆಯುವಂತಾಗುವುದುಂಟು. ಅಂಥ ಸ್ಥಿತಿಯಲ್ಲಿ ಅದೇ ಸಂಹಿತೆಯ 479ನೆಯ ಕಲಮನ್ನು ಪರಿಶೀಲಿಸಲು ವಕೀಲರಿಗೆ ನೆನಪಿಸಿ: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ, ಹಿಂದೆ ಶಿಕ್ಷೆಯಾಗಿರದ ಮೊದಲ ಬಾರಿಯವರಾದರೆ ಮೂರನೇ ಒಂದು ಭಾಗದಷ್ಟು ಕಾಲ ಕಳೆದವರು ಬಿಡುಗಡೆ ಕೋರಬಹುದು; ಬೇರೆ ಪ್ರಕರಣಗಳೂ ಬಾಕಿ ಇದ್ದರೆ ಇದು ಸಿಗದು.

ಅಸಮರ್ಥರೆಂದು ತೀರ್ಮಾನವಾದವರಿಗೆ 369ನೆಯ ಕಲಮು ಇನ್ನೊಂದು ದಾರಿ ತೆರೆಯುತ್ತದೆ. ಒಳರೋಗಿಯಾಗಿ ಚಿಕಿತ್ಸೆ ಅಗತ್ಯವಿಲ್ಲದಿದ್ದರೆ, ಜಾಮೀನು ರಹಿತ ಅಪರಾಧವಾದರೂ ಜಾಮೀನು ಸಿಗಬಹುದು. ಆದರೆ ಸಂಬಂಧಿಕರೋ ಸ್ನೇಹಿತರೋ ಒಬ್ಬರು, ಹತ್ತಿರದ ಆಸ್ಪತ್ರೆಯಲ್ಲಿ ನಿಯಮಿತವಾಗಿ ಹೊರರೋಗಿ ಚಿಕಿತ್ಸೆ ಕೊಡಿಸುತ್ತೇನೆ, ತನಗಾಗಲಿ ಇತರರಿಗಾಗಲಿ ಹಾನಿ ಮಾಡಿಕೊಳ್ಳದಂತೆ ನೋಡಿಕೊಳ್ಳುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕು.

ಈ ಮುಚ್ಚಳಿಕೆಯನ್ನು ಯಾರು ಬರೆದುಕೊಡಬೇಕು ಎಂಬಲ್ಲಿ ನಿಧಾನಿಸಿ ಯೋಚಿಸಬೇಕು. ಹಲವು ಪ್ರಕರಣಗಳಲ್ಲಿ ಪೆಟ್ಟು ತಿಂದವರೂ, ದೂರು ಕೊಟ್ಟವರೂ, ಇಷ್ಟು ವರ್ಷ ಮಾತ್ರೆ ನುಂಗಿಸಿದವರೂ ಒಬ್ಬರೇ: ತಾಯಿ. ಆಕೆಯೇ ‘ನಾನು ನೋಡಿಕೊಳ್ಳುತ್ತೇನೆ’ ಎಂದು ಮುಂದೆ ಬಂದರೆ ನ್ಯಾಯಾಲಯ ಹಿಂಜರಿಯುವುದು ಸಹಜ, ಮತ್ತು ಆ ಹಿಂಜರಿಕೆ ಸರಿಯೂ ಹೌದು. ಬೇರೆ ಮನೆಯಲ್ಲಿರುವ ಅಣ್ಣ, ಸೋದರಮಾವ, ಭಾವ, ಯಾರಾದರೂ ಒಬ್ಬರ ಹೆಸರು, ವಿಳಾಸ, ಅವರ ಊರಿನಿಂದ ಆಸ್ಪತ್ರೆಗೆ ಇರುವ ದೂರ, ಯಾವ ದಿನ ಕರೆದೊಯ್ಯುತ್ತಾರೆ ಎಂಬ ವಿವರ ಅರ್ಜಿಯಲ್ಲೇ ಇರಲಿ. ತಾಯಿ ಮತ್ತೆ ಅದೇ ಸೂರಿನಡಿ ಭಯದಲ್ಲಿ ಮಲಗಬೇಕಾಗುವ ಏರ್ಪಾಡನ್ನು, ಅದು ಎಷ್ಟೇ ಸುಲಭವಾಗಿ ಕಂಡರೂ, ಮಾಡಬಾರದು.

ಮೂರನೆಯ ಪ್ರಶ್ನೆ, ಅಂದರೆ ಕೃತ್ಯದ ಹೊತ್ತಿನ ಮನಃಸ್ಥಿತಿಯನ್ನು ರುಜುವಾತುಪಡಿಸುವ ಹೊಣೆ ಆರೋಪಿಯ ಕಡೆಯದು. ಕಾಯಿಲೆ ಇದೆ ಎಂಬ ಚೀಟಿಯೊಂದೇ ಅದಕ್ಕೆ ಸಾಲದು. ಕೃತ್ಯಕ್ಕೆ ಮುಂಚಿನ, ಆ ಹೊತ್ತಿನ ಮತ್ತು ಕೂಡಲೇ ನಂತರದ ನಡವಳಿಕೆಯ ಸಾಕ್ಷ್ಯ ಬೇಕು. ಆ ವಾದದಲ್ಲಿ ಗೆದ್ದರೂ ನೇರವಾಗಿ ಮನೆಗೆ ಬರುತ್ತಾರೆಂಬ ಖಾತರಿಯಿಲ್ಲ, 374ನೆಯ ಕಲಮಿನಂತೆ ಸುರಕ್ಷಿತ ಅಭಿರಕ್ಷೆಗೆ, ಅಂದರೆ ಕಾವಲಿನಲ್ಲಿಡಲು, ಆದೇಶವಾಗಬಹುದು.

ಹಂತ 9: ಬಿಡುಗಡೆಯ ದಿನ ಮತ್ತು ನಂತರ

ಬಿಡುಗಡೆ ಆದೇಶ ಸಂಜೆ ತಲುಪಿ, ರಾತ್ರಿ ಹೊತ್ತು ಗೇಟಿನ ಹೊರಗೆ ಬಿಡುವುದು ಸಾಮಾನ್ಯ. ಯಾರಾದರೂ ಒಬ್ಬರು ಅಲ್ಲಿರಬೇಕು. ಜೈಲಿನಲ್ಲಿ ಕೊಡುತ್ತಿದ್ದ ಔಷಧಿಗಳ ವಿವರವನ್ನು ವೈದ್ಯಾಧಿಕಾರಿಯಿಂದ ಬರೆಸಿಕೊಳ್ಳಿ, ಇಲ್ಲದಿದ್ದರೆ ಹಳೆಯ ಚೀಟಿಯ ಪ್ರಮಾಣವನ್ನೇ ಮನೆಯಲ್ಲಿ ಶುರುಮಾಡುವ ತಪ್ಪಾಗುತ್ತದೆ. ಹೊರಬಂದ ಮೊದಲ ಕೆಲವು ವಾರಗಳಲ್ಲಿ ಆತ್ಮಹತ್ಯೆಯ ಅಪಾಯವೂ, ಮಾದಕ ವ್ಯಸನವಿದ್ದವರಲ್ಲಿ ಮಿತಿಮೀರಿದ ಸೇವನೆಯಿಂದ ಸಾಯುವ ಅಪಾಯವೂ ಹೆಚ್ಚು, ಏಕೆಂದರೆ ಮೊದಲಿನ ಪ್ರಮಾಣವನ್ನು ದೇಹ ಈಗ ತಡೆಯಲಾರದು. ಮೊದಲ ವಾರದೊಳಗೆ ಮನೋವೈದ್ಯರಿಗೆ ತೋರಿಸಿ. ದೇವರ ಹರಕೆ ತೀರಿಸಲು ಹೋಗುವುದಾದರೆ ಮಾತ್ರೆಯ ಡಬ್ಬಿಯೂ ಜೊತೆಗಿರಲಿ.

ಕೋರ್ಟಿನ ವಾಯಿದೆ ಮತ್ತು ಆಸ್ಪತ್ರೆಯ ದಿನಾಂಕ ಒಂದೇ ದಿನ ಬಿದ್ದರೆ ಆಸ್ಪತ್ರೆಯ ದಿನಾಂಕವನ್ನು ಬದಲಿಸಿಕೊಳ್ಳಿ. ವಾಯಿದೆಯ ದಿನ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ, ದಾಖಲಾತಿಯ ಚೀಟಿಯ ಪ್ರತಿಯನ್ನು ಅಂದು ಬೆಳಿಗ್ಗೆ 11 ಗಂಟೆಯೊಳಗೆ ವಕೀಲರ ಕೈಗೆ ತಲುಪಿಸಿ ಹಾಜರಾತಿ ವಿನಾಯಿತಿಯ ಅರ್ಜಿ ಹಾಕಿಸಬೇಕು. ಅದು ತಪ್ಪಿದರೆ ವಾರಂಟ್ ಹೊರಡುತ್ತದೆ, ಶ್ಯೂರಿಟಿ ಕೊಟ್ಟವರಿಗೆ ನೋಟಿಸ್ ಬರುತ್ತದೆ, ಮತ್ತು ಎರಡನೆಯ ಬಾರಿ ಶ್ಯೂರಿಟಿ ನಿಲ್ಲುವವರನ್ನು ಊರಿನಲ್ಲಿ ಹುಡುಕುವುದು ಕಷ್ಟ.